ಸುಮ್ನೆಯ ನಾಲ್ಕು ಕಂಬಗಳು

ಇನೋಕಾ ವೆಲಗೆದರಳಿಗೆ ಎರಡು ವಿದ್ಯೆ ಚೆನ್ನಾಗಿ ಒಲಿದಿದ್ದವು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಕೆಮ್ಮು ಕೊಂಕುಗಳ ಸಮೇತ ಹಾಗೇ ಒಪ್ಪಿಸಿಬಿಡುವುದು ಒಂದು. ಪಿಎಚ್‌ಡಿ ಪ್ರಬಂಧವನ್ನು ಒಪ್ಪಿಸದೆ ಇರುವುದು ಇನ್ನೊಂದು. ಮೊದಲನೆಯದರಿಂದ ಸಿಂಹಳ ದ್ವೀಪದ ದಿಯಗಲ್ಲೆ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಪ್ಲೇನ್ ಟೀ ಹೆಚ್ಚು ಖರ್ಚಾಗುತ್ತಿತ್ತು. ಎರಡನೆಯದರಿಂದ ಅವಳ ನೌಕರಿಯೇ ಖರ್ಚಾಗುವ ಹೊತ್ತು ಬಂದಿತ್ತು.

ಅವಳು ಸಮಾಜಶಾಸ್ತ್ರ ವಿಭಾಗದಲ್ಲಿ ಪ್ರೊಬೇಷನರಿ ಲೆಕ್ಚರರ್. ಅಂದರೆ ಪಾಠ ಮಾಡಬಹುದು, ಪರೀಕ್ಷೆ ಹಾಲಿನಲ್ಲಿ ಕಾವಲು ನಿಲ್ಲಬಹುದು, ಮುಷ್ಕರ ಬಂದರೆ ಹಿರಿಯರ ಪರವಾಗಿ ಬಿಸಿಲು ಕಾಯಬಹುದು, ಪ್ರೊಫೆಸರುಗಳು ಪರದೇಶಕ್ಕೆ ಹೋದಾಗ ಅವರ ನಾಯಿಗೆ ಅನ್ನ ಹಾಕಬಹುದು. ಖಾಯಂ ಮಾತ್ರ ಆಗುವಂತಿಲ್ಲ. ಎಂಟು ವರ್ಷದೊಳಗೆ ಪಿಎಚ್‌ಡಿ ತಂದರೆ ಕುರ್ಚಿ ಅವಳದು. ಇಲ್ಲದಿದ್ದರೆ ಅವಳು ಏಳುವ ಮೊದಲೇ ಕುರ್ಚಿ ಎದ್ದು ಹೋಗುತ್ತದೆ. ಆ ಎಂಟನೆಯ ವರ್ಷ ಈ ತಿಂಗಳಿಗೆ ಮುಗಿಯುತ್ತಿತ್ತು. ಕೊನೆಯ ಗಳಿಗೆಯಲ್ಲಿ ಪ್ರಬಂಧ ಹೇಗೋ ಒಳಗೆ ಹೋಗಿ, ಮೌಖಿಕ ಪರೀಕ್ಷೆ ಬರುವ ಗುರುವಾರಕ್ಕೆ ಗೊತ್ತಾಗಿತ್ತು. ಪಾಸಾದರೆ ವಿದ್ಯಾರ್ಥಿಗಳಿಗೆ ಮಿಸ್ ಆಗಿಯೇ ಉಳಿಯುವುದು, ಫೇಲಾದರೆ ಕೆಲಸವೇ ಮಿಸ್ ಆಗುವುದು. ಆಮೇಲೆ ಕೇಗಾಲೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಟ್ಯೂಷನ್ ಪೋಸ್ಟರಿನಲ್ಲಿ ಕೈಕಟ್ಟಿ ನಗುತ್ತ ನಿಲ್ಲಬೇಕು: ‘ಇನೋಕಾ ಮಿಸ್ ಅವರ ತರ್ಕಶಾಸ್ತ್ರ, ಎಲ್ಲರಿಗೂ ಎ ಗ್ರೇಡ್ ಗ್ಯಾರಂಟಿ.’

ಅವಳು ಆರಿಸಿಕೊಂಡ ವಿಷಯ ಮೋರಿಕಟ್ಟೆ. ಆ ಕಡೆಯ ಪ್ರತಿ ಹಳ್ಳಿಯಲ್ಲೂ ರಸ್ತೆ ತೋಡನ್ನು ದಾಟುವಲ್ಲಿ ಒಂದು ಮೋರಿ, ಮೋರಿಗೆ ಎರಡು ಕಟ್ಟೆ, ಸಂಜೆಯಾದರೆ ಕಟ್ಟೆಯ ಮೇಲೆ ಜನ. ಅವರು ಅಲ್ಲಿ ಯಾಕೆ ಬಂದು ಕೂರುತ್ತಾರೆ? ಇಷ್ಟೇ ಪ್ರಶ್ನೆ. ಇದಕ್ಕೆ ಮುನ್ನೂರು ಪುಟದ ಉತ್ತರ ಬರೆಯದಿದ್ದರೆ ಅದು ಸಂಶೋಧನೆ ಹೇಗಾದೀತು?

ಕಟ್ಟೆ ಅವಳದು, ಚೌಕಟ್ಟು ಅವಳ ಮಾರ್ಗದರ್ಶಕ ಪ್ರೊಫೆಸರ್ ಟ್ಯೂಡರ್ ಅಬೇಕೋನರದು. ಟ್ಯೂಡರ್ ಸರ್ ಹಿಂದೊಮ್ಮೆ ಇಂಗ್ಲೆಂಡಿನಲ್ಲಿ ಮೂರು ಚಳಿಗಾಲ ಕಳೆದು, ಒಂದು ಡಾಕ್ಟರೇಟು, ಒಂದು ಕೋಟು ಮತ್ತು ಒಂದು ಕೆಮ್ಮು ತಂದಿದ್ದರು. ಡಾಕ್ಟರೇಟನ್ನು ಆಮೇಲೆ ಯಾರೂ ನೋಡಲಿಲ್ಲ, ಕೋಟು ಮತ್ತು ಕೆಮ್ಮು ದಿನಾ ಕ್ಯಾಂಪಸ್ಸಿಗೆ ಬರುತ್ತಿದ್ದವು. ಯಾವ ವಿದ್ಯಾರ್ಥಿ ಯಾವ ಅಧ್ಯಾಯ ತಂದರೂ ಅವರದು ಒಂದೇ ಮಾತು: “ಅದೆಲ್ಲಾ ಸರಿ ಮಗಳೇ, ಚೌ... ಖ್ಹುಂ... ಕಟ್ಟು ಎಲ್ಲಿ?” ಕೆಮ್ಮು ಸರಿಯಾಗಿ ಚೌಕಟ್ಟಿನ ನಡುವೆಯೇ ಬರುತ್ತಿತ್ತು. ಇನೋಕಾ ಇದನ್ನು ಕ್ಯಾಂಟೀನಿನಲ್ಲಿ ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ, ಒಮ್ಮೆ ಬೆನ್ನು ಹಾಕಿ ಕೂತಿದ್ದ ಅಡುಗೆಯವನು ದಡಬಡಿಸಿ ಎದ್ದು ಸಕ್ಕರೆಯಿಲ್ಲದ ಟೀ ತಂದಿಟ್ಟಿದ್ದ. ಟ್ಯೂಡರ್ ಸರ್‌ಗೆ ಸಕ್ಕರೆ ಕಾಯಿಲೆ.

ಸಂಸ್ಥೆಯಲ್ಲಿ ಕೆಲಸ ನಡೆಯುವ ರೀತಿಯೇ ಬೇರೆ. ಹಿರಿಯರು ಯೋಚಿಸುತ್ತಾರೆ, ನಡುವಿನವರು ಬರೆಯುತ್ತಾರೆ, ಕಿರಿಯರು ಹಳ್ಳಿಗೆ ಹೋಗುತ್ತಾರೆ. ಇನೋಕಾ ನಾಲ್ಕು ಹಳ್ಳಿ ಆರಿಸಿ, ನಾಲ್ವರು ಬಿಎ ವಿದ್ಯಾರ್ಥಿಗಳನ್ನು ಊರಿಗೊಬ್ಬರಂತೆ ಕಳಿಸಿದಳು. ಅವರೇ ಹೋಗಿ ಕೇಳಿ, ಫೋನಿನಲ್ಲಿ ರೆಕಾರ್ಡು ಮಾಡಿ, ಉತ್ತರಗಳನ್ನು ಇಂಗ್ಲಿಷಿಗೆ ಇಳಿಸಿ ಕಂಪ್ಯೂಟರಿಗೆ ತುಂಬಿದರು. ಬಯ್ಯುವುದು ಸಿಂಹಳದಲ್ಲಿ, ನಗುವುದು ಸಿಂಹಳದಲ್ಲಿ, ಪಿಎಚ್‌ಡಿ ಮಾತ್ರ ಇಂಗ್ಲಿಷಿನಲ್ಲಿ. ಕಂಪ್ಯೂಟರು ಬೆರಗಾಗುವಂಥ ಫಲಿತಾಂಶ ಕೊಟ್ಟಿತು. ಹೆಲಗಮದ ಜನ ಕಟ್ಟೆಗೆ ಬರುವುದು ಅದು ಪುಕ್ಕಟೆ ಅಂತ. ಕಿತುಲ್ದೆನಿಯದವರು ಮೌನಕ್ಕಾಗಿ. ಬೋಗಹವತ್ತದವರು ನಿರುದ್ಯೋಗದಿಂದ. ಉಡುಮುಲ್ಲದವರು ಮಾತ್ರ ‘ನಿಜ ಹೇಳುತ್ತಿಲ್ಲ’. ಊರಿಗೊಂದು ಕಾರಣ, ಒಂದರ ಬೇಲಿ ಇನ್ನೊಂದು ದಾಟಿಲ್ಲ. ಸಮಾಜ ಇಷ್ಟು ಶಿಸ್ತಾಗಿ ನಡೆದುಕೊಂಡದ್ದನ್ನು ಸಮಾಜಶಾಸ್ತ್ರ ಈವರೆಗೆ ಕಂಡಿರಲಿಲ್ಲ.

ಟ್ಯೂಡರ್ ಸರ್ ಆನಂದದಿಂದ ಕೆಮ್ಮಿದರು. “ನೋಡಿದ್ಯಾ ಮಗಳೇ! ನಾಲ್ಕು ಕಂಬ! ಕಂಬ ಸಿಕ್ಕಿದ ಮೇಲೆ ಚೌ... ಖ್ಹುಂ... ಕಟ್ಟು ತಾನಾಗೇ ನಿಲ್ಲುತ್ತೆ!”

ಕಂಬಗಳನ್ನು ಹೊತ್ತು ಅವರು ಕೊಲಂಬೊದ ದೊಡ್ಡ ಹೋಟೆಲೊಂದರಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋದರು. ಅಂತರರಾಷ್ಟ್ರೀಯ ಅನ್ನಿಸಿಕೊಳ್ಳಲೆಂದು ಮಾಲ್ಡೀವ್ಸಿನಿಂದ ಒಬ್ಬರನ್ನು ಕರೆಸಲಾಗಿತ್ತು. ಅಲ್ಲಿ ಟ್ಯೂಡರ್ ಸರ್, ಹೆಲಗಮದ ಪುಕ್ಕಟೆಗೆ ಮುಕ್ತ ಮಾರುಕಟ್ಟೆ ಕಾರಣವೆಂದೂ, ಕಿತುಲ್ದೆನಿಯದ ಮೌನಕ್ಕೆ ಅಲ್ಲಿದ್ದ ಪುರಾತನ ಬೌದ್ಧ ಅರಣ್ಯವಿಹಾರ ಕಾರಣವೆಂದೂ, ಉಡುಮುಲ್ಲದ ಸುಳ್ಳು ಬಿಳಿಯ ದೊರೆಗಳ ಕಾಲದಿಂದ ಬಂದ ರೂಢಿಯೆಂದೂ, ಬೋಗಹವತ್ತದ ನಿರುದ್ಯೋಗಕ್ಕೆ ರಬ್ಬರ್ ಫ್ಯಾಕ್ಟರಿ ಮುಚ್ಚಿದ್ದು ಕಾರಣವೆಂದೂ ಸಾಧಿಸಿದರು. ಫ್ಯಾಕ್ಟರಿ ಇನ್ನೂ ನಡೆಯುತ್ತಿದೆಯಲ್ಲ ಸರ್ ಎಂದು ಇನೋಕಾ ಮೆಲ್ಲಗೆ ಅಂದಾಗ, “ಮಾನಸಿಕವಾಗಿ ಮುಚ್ಚಿದೆ ಮಗಳೇ” ಎಂದಿದ್ದರು. ಆ ಭಾಷಣ ಪುಸ್ತಕವಾಗಿ ಅಚ್ಚಿಗೆ ಹೋಗುತ್ತಿತ್ತು. ಮುಖಪುಟದಲ್ಲಿ ಅವರ ಹೆಸರು; ಇನೋಕಾಳದು ಕೃತಜ್ಞತೆಯ ಪುಟದಲ್ಲಿ, ಅವರ ಹೆಂಡತಿ ಮತ್ತು ನಾಯಿಯ ನಡುವೆ.

ಪರೀಕ್ಷೆಗೆ ನಾಲ್ಕು ದಿನವಿರುವಾಗ, ಭಾನುವಾರ ಮಧ್ಯಾಹ್ನ, ಇನೋಕಾ ಮನೆಯ ಜಗಲಿಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಕೂತಳು. ಪರೀಕ್ಷಕರ ಎದುರು ಹಳ್ಳಿಗರ ಒಂದೆರಡು ಮಾತನ್ನು ಅವರದೇ ದನಿಯಲ್ಲಿ ಹೇಳಿದರೆ ಮೆಚ್ಚಿಯಾರು ಎಂಬ ಆಸೆ. ರೆಕಾರ್ಡುಗಳನ್ನು ಅವಳು ಕೇಳುತ್ತಿದ್ದದ್ದು ಅದೇ ಮೊದಲು. ಬರೆಯುವ ಅವಸರದಲ್ಲಿ ಕೇಳಲು ಪುರುಸೊತ್ತಾಗಿರಲಿಲ್ಲ.

ಒಳಗೆ ಅಮ್ಮ ತೆಂಗಿನಕಾಯಿ ತುರಿಯುತ್ತ ಕೂಗಿ ಹೇಳಿದಳು: “ಜೋಯಿಸರ ಹತ್ರ ನೆಕತ್ ಕೇಳ್ಕೊಂಡು ಬಂದೆ ಕಣೇ. ಗುರುವಾರ ಹೊರಡೋವಾಗ ಉತ್ತರಕ್ಕೆ ಮುಖ ಮಾಡಿರ್ಬೇಕಂತೆ.”

“ಉತ್ತರ ಇದ್ದಿದ್ರೆ ಇಷ್ಟು ವರ್ಷ ಯಾಕಮ್ಮ ಹಿಡೀತಿತ್ತು?”

“ದಿಕ್ಕು ಹೇಳಿದ್ದು ಕಣೇ, ದಿಕ್ಕು!”

“ನಮ್ಮ ಗೇಟಿರೋದು ದಕ್ಷಿಣಕ್ಕೆ.”

“ಹಿಂದ್‌ಹಿಂದಕ್ಕೆ ನಡ್ಕೊಂಡು ಹೋಗು. ಯಾರು ನೋಡ್ತಾರೆ?”

ಕಿವಿಯಲ್ಲಿ ಹೆಲಗಮ ಶುರುವಾಯಿತು. ಕೇಳುವವನು ವಿದ್ಯಾರ್ಥಿ ಚತುರಂಗ. “ಮಾಮಾ, ಸಾಯಂಕಾಲ ಇಲ್ಲಿಗ್ಯಾಕೆ ಬರ್ತೀರಿ?” ತುಸು ಹೊತ್ತು ಕಾಗೆ ಕೂಗಿದ ಸದ್ದು. ಆಮೇಲೆ ಸುಮನದಾಸನೆಂಬ ಮುದುಕನ ದನಿ: “ನಿಕಂ, ಮಗಾ.”

ನಿಕಂ ಅಂದರೆ ಸುಮ್ನೆ. ಆ ದ್ವೀಪದಲ್ಲಿ ಅನ್ನ ಬಿಟ್ಟು ಇರಬಹುದು, ನಿಕಂ ಬಿಟ್ಟು ಇರುವಂತಿಲ್ಲ. ಏನ್ಮಾಡ್ತಿದ್ದೀಯ? ಸುಮ್ನೆ ಕೂತಿದ್ದೀನಿ. ಎಷ್ಟು ಕೊಟ್ಟೆ ಅದಕ್ಕೆ? ಸುಮ್ನೆ ಕೊಟ್ರು. ಸಾಕು ಗಲಾಟೆ, ಸುಮ್ನಿರು! ಸಿಟ್ಟು ಬಂತಾ? ಅಯ್ಯೋ, ಸುಮ್ನೆ ಅಂದೆ ಕಣೋ.

ಇನೋಕಾ ಹಾಳೆ ನೋಡಿದಳು. ಸುಮನದಾಸನ ಹೆಸರಿನ ಮುಂದೆ: ಪುಕ್ಕಟೆ.

ಅವಳಿಗೆ ನಗು ಬಂತು. ಚತುರಂಗ ಒಂದು ಕಡೆ ಎಡವಿದ್ದಾನೆ, ಪರವಾಗಿಲ್ಲ. ಮುಂದಿನದನ್ನು ಕೇಳಿದಳು. ಸುಮ್ನೆ. ಪುಕ್ಕಟೆ. ಅದರ ಮುಂದಿನದು. ಸುಮ್ನೆ. ಪುಕ್ಕಟೆ. ಕಿತುಲ್ದೆನಿಯಕ್ಕೆ ಹಾರಿದಳು. ಹೆಂಗಸೊಬ್ಬಳು ಅವಸರದಲ್ಲಿ, “ಸುಮ್ನೆ ಮಗಳೇ, ಸುಮ್ನೆ.” ಹಾಳೆಯಲ್ಲಿ: ಮೌನ, ಮೌನ. ಬೋಗಹವತ್ತದಲ್ಲಿ ಸುಮ್ನೆ ಅಂದವರೆಲ್ಲ ನಿರುದ್ಯೋಗಿಗಳಾಗಿದ್ದರು. ಉಡುಮುಲ್ಲದಲ್ಲಿ ಸುಮ್ನೆ ಅಂದವರೆಲ್ಲ ಸುಳ್ಳರಾಗಿದ್ದರು. ಇನೋಕಾಳ ನಗು ಮೋರಿ ಸೇರಿತು.

ಚತುರಂಗನಿಗೆ ಫೋನು ಹಚ್ಚಿದಳು.

“ಏನಪ್ಪಾ ಇದು, ಸುಮ್ನೆ ಅಂದದ್ದನ್ನೆಲ್ಲ ಪುಕ್ಕಟೆ ಅಂತ ಬರ್ದಿದ್ದೀಯಲ್ಲ?”

“ಡಿಕ್ಷನರಿಯಲ್ಲಿ ಮೊದಲ್ನೇ ಅರ್ಥ ಅದೇ ಇತ್ತು ಮಿಸ್.”

“ಉಳಿದ ಮೂವರು ಬೇರೆಬೇರೆ ಬರ್ದಿದ್ದಾರಲ್ಲೋ!”

“ಅವರ ಡಿಕ್ಷನರಿ ಬೇರೆ ಇರ್ಬೇಕು ಮಿಸ್.”

“ನಾಲ್ಕೂ ಜನ ಒಂದ್ಸಲ ಕೂತು ಮಾತಾಡ್ಕೊಳ್ಳೋಕೆ ಏನಾಗಿತ್ತು?”

“ಒಬ್ಬರದ್ದೊಬ್ಬರು ನೋಡಿ ಬರೀಬಾರ್ದು ಅಂತ ನೀವೇ ಹೇಳಿದ್ರಲ್ಲ ಮಿಸ್.” ಅವನ ದನಿಯಲ್ಲಿ ಪ್ರಾಮಾಣಿಕತೆ ತುಂಬಿ ತುಳುಕುತ್ತಿತ್ತು. “ಕಾಪಿ ಹೊಡೆದ್ರೆ ಮಾರ್ಕು ಕಟ್ ಅಂದಿದ್ರಿ.”

ಇನೋಕಾ ಫೋನಿಟ್ಟಳು. ಒಂದು ಮಾತು, ನಾಲ್ಕು ಡಿಕ್ಷನರಿ, ನಾಲ್ಕು ಕಂಬ, ಒಂದು ಪಿಎಚ್‌ಡಿ. ಅವಳ ಪ್ರಬಂಧ ತೂಗಿದ್ದು ಹಳ್ಳಿಗಳ ವ್ಯತ್ಯಾಸವನ್ನಲ್ಲ, ಡಿಕ್ಷನರಿಗಳ ವ್ಯತ್ಯಾಸವನ್ನು.

ಸೋಮವಾರ ಬೆಳಿಗ್ಗೆಯೇ ಟ್ಯೂಡರ್ ಸರ್ ಕೋಣೆಗೆ ಹೋದಳು. ಅವರು ಪುಸ್ತಕದ ಮುಖಪುಟದ ಬಣ್ಣ ಆರಿಸುತ್ತಿದ್ದರು. ಎಲ್ಲವನ್ನೂ ಕೇಳಿ ಅವರು ಎದ್ದು ಬಾಗಿಲು ಹಾಕಿದರು. ಮೊದಲ ಬಾರಿಗೆ ಚೌಕಟ್ಟಿನ ಸುದ್ದಿ ಎತ್ತಲಿಲ್ಲ.

“ಇದು ಯಾರ್ಯಾರಿಗೆ ಗೊತ್ತು?”

“ನಂಗೆ, ಚತುರಂಗನಿಗೆ. ಅವನಿಗೆ ಇದು ತಪ್ಪು ಅಂತ ಗೊತ್ತಿಲ್ಲ.”

“ಒಳ್ಳೇ ಹುಡುಗ.” ಅವರು ಕೋಟಿನ ಗುಂಡಿ ಹಾಕಿ, ತೆಗೆದು, ಮತ್ತೆ ಹಾಕಿದರು. “ನೋಡು ಮಗಳೇ. ಹೊರಗಿನ ಪರೀಕ್ಷಕಿ ತಿಲಗವತಿ ನಲ್ಲತಂಬಿ, ಬಟ್ಟಿಕಲೋವಾದವಳು. ಆಕೆಗೊಂದು ಕೆಟ್ಟ ಚಾಳಿ. ಪ್ರಬಂಧ ಓದಿಕೊಂಡು ಬರ್ತಾಳೆ.”

“ಅಯ್ಯೋ.”

“ಮೂಲ ಉತ್ತರ ಕೊಡಿ ಅಂತ ಕೇಳಿಯೇ ಕೇಳ್ತಾಳೆ. ನೀನು ನಾಲ್ಕೂ ಊರಿನ ಹೆಸರಲ್ಲಿ ನಾಲ್ಕು ಉದ್ದುದ್ದ ಮಾತು ತಯಾರು ಮಾಡ್ಕೋ. ‘ಮಗಾ, ಇಲ್ಲಿ ಕೂರೋದಕ್ಕೆ ಯಾರೂ ಕಾಸು ಕೇಳಲ್ಲ’, ಅಂಥಾದ್ದು. ಹಳ್ಳಿ ದನಿಯಲ್ಲೇ ಹೇಳು. ನಂಬ್ತಾರೆ.”

“ಅವರು ಹಾಗಂದಿಲ್ವಲ್ಲ ಸರ್.”

“ನಾನೂ ಕ್ಯಾಂಟೀನಿನಲ್ಲಿ ಏನೇನೋ ಅಂದಿಲ್ಲ. ಆದ್ರೂ ದಿನಾ ನನ್ನ ದನಿ ಅಲ್ಲಿ ಕೇಳಿಸುತ್ತಂತೆ.” ಟ್ಯೂಡರ್ ಸರ್ ಕನ್ನಡಕದ ಮೇಲಿಂದ ನೋಡಿದರು. “ಗೊತ್ತಿಲ್ಲ ಅಂದ್ಕೋಬೇಡ. ಇಷ್ಟು ವರ್ಷ ನನ್ನನ್ನ ಅಣಕಿಸಿದ್ದೀಯ, ಗುರುವಾರ ಒಂದು ದಿನ ನನಗೋಸ್ಕರ ಅಣಕಿಸು. ನಿಂಗೂ ಕೆಲಸ ಉಳಿಯುತ್ತೆ, ನಂಗೂ ಪುಸ್ತಕ ಉಳಿಯುತ್ತೆ. ಇಲ್ಲಾಂದ್ರೆ...” ಇಲ್ಲಾಂದ್ರೆಯ ಮುಂದೆ ಒಂದು ದೊಡ್ಡ ಕೆಮ್ಮು ಬಂತು. ಅದರೊಳಗೆ ಕೇಗಾಲೆಯ ಬಸ್‌ಸ್ಟ್ಯಾಂಡು ಪೂರ್ತಿ ಕಾಣಿಸಿತು.

ಇನೋಕಾ ತಯಾರು ಮಾಡಿಕೊಂಡಳು. ನಾಲ್ಕು ಮಾತು, ನಾಲ್ಕು ದನಿ. ಸುಳ್ಳು ಹೇಳುವುದಕ್ಕೂ ದನಿ ನಿಜದ್ದೇ ಬೇಕು, ಆದ್ದರಿಂದ ಮಂಗಳವಾರ ಬುಧವಾರ ಎರಡೂ ದಿನ ರೆಕಾರ್ಡು ಹಾಕಿಕೊಂಡು ಸುಮನದಾಸನಂತೆ, ಕಿತುಲ್ದೆನಿಯದ ಹೆಂಗಸಿನಂತೆ, ಉಳಿದವರಂತೆ ಅಭ್ಯಾಸ ಮಾಡಿದಳು. ಅಲ್ಲೇ ಎಡವಟ್ಟಾಯಿತು. ಅಣಕಿಸುವವರಿಗೆ ಒಂದು ಕಷ್ಟವಿದೆ: ಇನ್ನೊಬ್ಬರ ಮಾತು ಬಾಯಿಗೆ ಹತ್ತಬೇಕಾದರೆ ಅವರು ಉಸಿರು ಎಲ್ಲಿ ಎಳೆದರು, ಎಲ್ಲಿ ಬಿಟ್ಟರು ಎಂದು ನೋಡಲೇಬೇಕು. ಸುಮನದಾಸ ಸುಮ್ನೆ ಅನ್ನುವ ಮೊದಲು ಒಂದು ಉಸಿರು ಒಳಗೆಳೆದು ಅದನ್ನು ಬಿಡುವುದನ್ನೇ ಮರೆಯುತ್ತಿದ್ದ. ಅದನ್ನು ಹಾಗೇ ಮಾಡಲು ಹೋದಾಗಲೆಲ್ಲ ಇನೋಕಾಳೂ ಬಿಡುವುದನ್ನು ಮರೆಯುತ್ತಿದ್ದಳು. ಆ ಉಸಿರಿನ ಮುಂದೆ ‘ಯಾರೂ ಕಾಸು ಕೇಳಲ್ಲ’ ಎಂಬ ಮಾತನ್ನು ಎಷ್ಟು ಅಂಟಿಸಿದರೂ ಕಿತ್ತು ಬರುತ್ತಿತ್ತು.

ಗುರುವಾರ ಅಮ್ಮ ಶುಭಕ್ಕೆಂದು ಕಿರಿಬತ್, ಅಂದರೆ ಹಾಲನ್ನ, ಮಾಡಿ ಬಾಯಿಗೆ ತುರುಕಿದಳು. ಇನೋಕಾ ಬಿಳಿ ಸೀರೆಯುಟ್ಟು, ಉತ್ತರಕ್ಕೆ ಮುಖ ಮಾಡಿ, ಹಿಂದ್‌ಹಿಂದಕ್ಕೆ ನಡೆದು ಗೇಟು ದಾಟಿದಳು. ಯಾರು ನೋಡುತ್ತಾರೆ ಎಂದಿದ್ದಳಲ್ಲ ಅಮ್ಮ, ಎದುರುಮನೆಯವರು ಕುರ್ಚಿ ಹಾಕಿಕೊಂಡು ನೋಡಿದರು.

ಮೌಖಿಕ ಪರೀಕ್ಷೆಗೆ ತಿಂಡಿ ತರುವುದು ಪರೀಕ್ಷೆ ಕೊಡುವವರೇ. ನಿಯಮದಲ್ಲಿ ಎಲ್ಲೂ ಬರೆದಿಲ್ಲ, ಆದ್ದರಿಂದ ಯಾರೂ ಮುರಿಯುವಂತಿಲ್ಲ. ಅವಳು ತಂದ ಮೀನಿನ ಬನ್ನು, ಮಿಲ್ಕ್ ಟಾಫಿ ಮೇಜಿನ ನಡುವೆ ಕೂತವು. ಒಂದು ತುದಿಯಲ್ಲಿ ಅಧ್ಯಕ್ಷರಾಗಿ ಡೀನ್ ವಿಮಲಧರ್ಮ. ಹುದ್ದೆ ಡೀನಿನದು, ಮುಖ ದೀನರದು; ನಿವೃತ್ತಿಗೆ ಸ್ವಲ್ಪವೇ ದಿನ ಉಳಿದಿದ್ದರಿಂದ ಯಾವ ತೊಂದರೆಯೂ ತಮ್ಮ ಬಾಗಿಲು ತಟ್ಟದಿರಲಿ ಎಂದು ಪ್ರಾರ್ಥಿಸುತ್ತ ಬದುಕಿದ್ದವರು. ಪಕ್ಕದಲ್ಲಿ ಟ್ಯೂಡರ್ ಸರ್, ಕೋಟಿನ ಎಲ್ಲ ಗುಂಡಿಗಳೊಂದಿಗೆ. ಎದುರಿಗೆ ತಿಲಗವತಿ ನಲ್ಲತಂಬಿ. ಸಣ್ಣಗಿನ ಹೆಂಗಸು, ದೊಡ್ಡ ಕೈಚೀಲ. ಚೀಲದಿಂದ ಪ್ರಬಂಧ ತೆಗೆದರು. ಪುಟಪುಟಕ್ಕೂ ಹಳದಿ ಚೀಟಿ ಅಂಟಿತ್ತು. ನಿಜಕ್ಕೂ ಓದಿದ್ದರು. ಡೀನರಿಗೆ ಅದನ್ನು ನೋಡಿಯೇ ಬನ್ನು ಗಂಟಲಲ್ಲಿ ಸಿಕ್ಕಿತು.

ಪರೀಕ್ಷೆ ಇಂಗ್ಲಿಷಿನಲ್ಲಿ. ಆ ಕೋಣೆಯಲ್ಲಿ ಇಂಗ್ಲಿಷು ಇಸ್ತ್ರಿ ಹಾಕಿದ ಅಂಗಿಯಂತೆ, ಯಾರಿಗೂ ಕೈ ಎತ್ತಲು ಆಗುವುದಿಲ್ಲ.

“ಅಭ್ಯರ್ಥಿಯು ತಮ್ಮ ಪ್ರಬಂಧದ ಸಾರಾಂಶವನ್ನು ಮಂಡಿಸತಕ್ಕದ್ದು” ಎಂದರು ಡೀನರು.

ಅಭ್ಯರ್ಥಿಯು ಮಂಡಿಸತಕ್ಕದ್ದನ್ನು ಮಂಡಿಸಿದಳು. ನಾಲ್ಕು ಕಂಬ ನಿಂತವು. ಟ್ಯೂಡರ್ ಸರ್ ತಲೆಯಾಡಿಸಿದರು.

ತಿಲಗವತಿ ಒಂದು ಹಳದಿ ಚೀಟಿಯ ಬಳಿ ಬೆರಳಿಟ್ಟರು. “ನನ್ನದು ಒಂದು ಅಲ್ಪ ಸಂದೇಹ. ಈ ನಾಲ್ಕೂ ವರ್ಗಗಳಿಗೆ ಒಂದೊಂದು ಮೂಲ ಹೇಳಿಕೆಯನ್ನು, ಅದು ನುಡಿಯಲ್ಪಟ್ಟ ಭಾಷೆಯಲ್ಲಿಯೇ, ತಾವು ಉದ್ಧರಿಸಬಲ್ಲಿರಾ?”

ಟ್ಯೂಡರ್ ಸರ್ ಖ್ಹುಂ ಎಂದರು. ಅದು ಕೆಮ್ಮಲ್ಲ, ಹಸಿರು ದೀಪ.

ಇನೋಕಾ ಬಾಯಿ ತೆರೆದಳು. ಸುಮನದಾಸನ ಹೆಸರಿನಲ್ಲಿ ತಯಾರಿಸಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ದನಿ ಬರಬೇಕಲ್ಲ, ಅದಕ್ಕೆಂದು ಅವನ ಉಸಿರು ಎಳೆದುಕೊಂಡಳು. ಎಳೆದುಕೊಂಡ ಉಸಿರು ಬಿಡುವುದು ಮರೆತುಹೋಯಿತು. ಹೊರಗೆ ಬಂದದ್ದು ಒಂದೇ ಮಾತು.

“ಸುಮ್ನೆ, ಮಗಾ.”

ಡೀನರು ಕಣ್ಣು ಬಿಟ್ಟರು. “ಏನಂದ್ರಿ?” ಇಂಗ್ಲಿಷು ಅಲ್ಲಿಗೇ ಕಳಚಿ ಬಿತ್ತು.

“ಇದು ಪುಕ್ಕಟೆಯ ವರ್ಗ” ಎಂದಳು ಇನೋಕಾ.

ತಿಲಗವತಿ ಪುಟ ತಿರುಗಿಸಿದರು. ಅವರೂ ಸಿಂಹಳಕ್ಕೆ ಇಳಿದರು, ಪೂರ್ವ ಕರಾವಳಿಯ ತಮಿಳು ಅದರ ಅಂಚಿನಲ್ಲಿ ಇಣುಕುತ್ತಿತ್ತು. “ಸರಿ. ಮೌನದ ವರ್ಗ?”

ಇನೋಕಾ ಕಿತುಲ್ದೆನಿಯದ ಹೆಂಗಸಾದಳು. ಕತ್ತು ರಸ್ತೆಯ ಕಡೆಗೆ, ಕಣ್ಣು ಬಸ್ಸು ಬರುವ ತಿರುವಿನಲ್ಲಿ. “ಸುಮ್ನೆ ಮಗಳೇ, ಸುಮ್ನೆ.”

“ನಿರುದ್ಯೋಗ?”

ಬೋಗಹವತ್ತದ ಹುಡುಗರು ಒಟ್ಟಿಗೆ ನಕ್ಕು, ಒಬ್ಬನನ್ನು ಮುಂದೆ ತಳ್ಳಿದರು. ಅಷ್ಟೂ ಜನ ಇನೋಕಾಳ ಒಂದೇ ಗಂಟಲಿನಿಂದ ಬಂದರು. “ಸುಮ್ನೆ ಅಕ್ಕಾ! ಇವನು ಮಾತ್ರ ಸುಮ್ನೆ ಅಲ್ಲ, ಎದುರು ಅಂಗಡಿ ಹುಡುಗಿ ಹತ್ರ ಕೇಳಿ!”

ಡೀನರು ಫಕ್ಕನೆ ನಕ್ಕುಬಿಟ್ಟು, ಅಧ್ಯಕ್ಷರು ನಗಬಹುದೇ ಎಂದು ಅತ್ತಿತ್ತ ನೋಡಿದರು.

“ಸುಳ್ಳು?”

ಉಡುಮುಲ್ಲದ ಗ್ರಾಮಾಧಿಕಾರಿ ಮೂಗಿನಲ್ಲಿ ಮಾತಾಡುವವನು. “ಸುಮ್ನೆ ಬಂದೆ ತಮ್ಮಾ. ಯಾರ್ಯಾರು ಬಂದಿದ್ದಾರೆ ಅಂತ... ಸುಮ್ನೆ.”

ತಿಲಗವತಿ ಆ ನಾಲ್ಕೂ ವರ್ಗಗಳ ಪಕ್ಕ ಒಂದೇ ಮಾತು ಬರೆದುಕೊಂಡರು.

“ಸ್ವರಭೇದ!” ಟ್ಯೂಡರ್ ಸರ್ ಎದ್ದು ನಿಂತೇಬಿಟ್ಟರು. “ಗಮನಿಸಿ ಮೇಡಂ, ಸ್ವರದಲ್ಲಿ ನಾಲ್ಕು ಭೇದ ಇದೆ. ಆದ್ದರಿಂದ ನಾಲ್ಕು ಕಂಬ...”

“ಇಲ್ಲ ಸರ್” ಎಂದಳು ಇನೋಕಾ. “ಅರ್ಥ ಹುಡುಕಿದ್ದು ಸ್ವರದಲ್ಲಲ್ಲ, ಡಿಕ್ಷನರಿಯಲ್ಲಿ. ನಾಲ್ವರು ವಿದ್ಯಾರ್ಥಿಗಳು, ನಾಲ್ಕು ಡಿಕ್ಷನರಿ. ಎಲ್ಲಾ ಊರಿನವರೂ ಅಂದಿದ್ದು ಸುಮ್ನೆ. ನಾನು ಬರೆಯೋ ಮೊದಲು ಕೇಳ್ಬೇಕಿತ್ತು, ಕೇಳ್ಲಿಲ್ಲ. ಆ ಕಂಬಗಳಿರೋ ನಾಲ್ಕನೇ ಅಧ್ಯಾಯ ಪೂರ್ತಿ ತಪ್ಪು, ಮೇಡಂ. ಅದನ್ನ ಉಳಿಸೋಕೆ ಬೇರೆ ಮಾತು ಕಟ್ಕೊಂಡು ಬಂದಿದ್ದೆ. ಬಾಯಿಗೆ ಬರ್ಲಿಲ್ಲ.”

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನೇನು ಹೇಳಿದೆ ಅಂತ ಗೊತ್ತಾಯಿತು. ಎಂಟು ವರ್ಷ ಕಟ್ಟಿದ್ದನ್ನು ಒಂದು ಉಸಿರಿನಲ್ಲಿ ಊದಿಬಿಟ್ಟ ಹಾಗೆ.

ತಿಲಗವತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ನಾವು ಸುಮ್ಮಾ ಅಂತೀವಿ” ಎಂದರು. “ನಿಮಗೆ ನಿಕಂ, ನಮಗೆ ಸುಮ್ಮಾ. ಯುದ್ಧದ ಕಾಲದಲ್ಲಿ ನಮ್ಮ ಊರಿನ ರಸ್ತೆಯಲ್ಲಿ ಒಂದು ಚೆಕ್‌ಪೋಸ್ಟ್ ಇತ್ತು. ಎಲ್ಲಿಗೆ ಹೊರಟೆ ಅಂತ ಕೇಳೋರು. ಸುಮ್ಮಾ ಅನ್ನೋ ಹಾಗಿರ್ಲಿಲ್ಲ. ನನ್ನ ತಮ್ಮ ಒಂದು ಸಲ ಅಂದ. ಕೆನ್ನೆ ಊದಿಸ್ಕೊಂಡು ಬಂದ. ಆಮೇಲೆ ನಮ್ಮಮ್ಮ ಯಾರನ್ನೂ ಸುಮ್ಮನೆ ಹೊರಗೆ ಬಿಡ್ಲಿಲ್ಲ. ಪ್ರತಿಯೊಬ್ಬರ ಕೈಗೂ ಒಂದು ಕಾರಣ ಕೊಟ್ಟು ಕಳಿಸೋಳು, ಎಣ್ಣೆ ಬಾಟಲಿ, ಔಷಧಿ ಚೀಟಿ, ಏನಾದ್ರೂ. ಮನೆಯಲ್ಲಿ ಖಾಲಿ ಎಣ್ಣೆ ಬಾಟಲಿಗಳೇ ಒಂದು ಸಾಲು ಇದ್ವು.” ಅವರು ಪ್ರಬಂಧವನ್ನು ಮುಚ್ಚಿದರು. “ಮೋರಿಕಟ್ಟೆ ಮೇಲೆ ಕಾರಣ ಇಲ್ಲದೆ ಕೂತ್ಕೊಂಡು, ಕೇಳಿದವರಿಗೆ ಸುಮ್ನೆ ಅಂತ ಹೇಳೋಕಾಗೋದು ಎಷ್ಟು ದೊಡ್ಡದು ಅಂತ ಈ ಮುನ್ನೂರು ಪುಟದಲ್ಲಿ ಎಲ್ಲೂ ಇಲ್ಲ. ಅದನ್ನ ಹುಡುಕಿ ನಾನು ಇಷ್ಟೊಂದು ಚೀಟಿ ಅಂಟಿಸಿದೆ.”

ಟ್ಯೂಡರ್ ಸರ್‌ಗೆ ಕೆಮ್ಮೂ ಬರಲಿಲ್ಲ.

“ಅಭ್ಯರ್ಥಿಯು ಕೆಲಕಾಲ ಹೊರಗೆ ಆಸೀನರಾಗತಕ್ಕದ್ದು” ಎಂದರು ಡೀನರು, ಮತ್ತೆ ಇಸ್ತ್ರಿಯ ಅಂಗಿ ತೊಟ್ಟು.

ಇನೋಕಾ ಪಡಸಾಲೆಯ ಬೆಂಚಿನಲ್ಲಿ ಕೂತಳು. ಒಳಗಿನಿಂದ ಮಾತು ಕೇಳಿಸುತ್ತಿರಲಿಲ್ಲ, ದನಿ ಮಾತ್ರ. ತಿಲಗವತಿಯವರ ಸಣ್ಣ ದನಿ ಬಹಳ ಹೊತ್ತು ಒಂದೇ ಮಟ್ಟದಲ್ಲಿ ಹೋಯಿತು. ಡೀನರದು ಬೇಡಿಕೊಳ್ಳುವ ದನಿ. ಟ್ಯೂಡರ್ ಸರ್ ದನಿ ಮೊದಲು ಜಗಳವಾಡಿತು, ಆಮೇಲೆ ನೆನಪು ಮಾಡಿಕೊಂಡಿತು, ಕೊನೆಗೆ ಪಾಠ ಮಾಡತೊಡಗಿತು. ಆ ಪಾಠದ ದನಿ ಕೇಳಿದಾಗ ಇನೋಕಾಳಿಗೆ ಏನೋ ಆಗಿದೆ ಅನ್ನಿಸಿತು, ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ.

ಬಾಗಿಲು ತೆರೆಯಿತು. ಮೀನಿನ ಬನ್ನು ಪೂರ್ತಿ ಖಾಲಿಯಾಗಿತ್ತು.

ಡೀನರು ಓದಿದರು. ನಾಲ್ಕನೇ ಅಧ್ಯಾಯವನ್ನು ತೆಗೆದುಹಾಕಬೇಕು. ಜನರ ಉತ್ತರಗಳನ್ನು ಅವರು ನುಡಿದ ಮಾತಿನಲ್ಲೇ, ಅನುವಾದಿಸದೆ, ಅವರವರ ಸಂದರ್ಭದೊಂದಿಗೆ ಇಟ್ಟು ಹೊಸ ಅಧ್ಯಾಯ ಬರೆಯಬೇಕು. ಅದಕ್ಕಾಗಿ ಹಳ್ಳಿಗಳಿಗೆ ಅಭ್ಯರ್ಥಿಯೇ ಹೋಗಬೇಕು, ವಿದ್ಯಾರ್ಥಿಗಳನ್ನು ಕಳಿಸತಕ್ಕದ್ದಲ್ಲ. ತಿದ್ದಿದ್ದನ್ನು ಪ್ರೊಫೆಸರ್ ತಿಲಗವತಿ ನೋಡಿ ಸಹಿ ಹಾಕುತ್ತಾರೆ. “ಈ ಷರತ್ತಿಗೆ ಒಳಪಟ್ಟು, ತೇರ್ಗಡೆ.”

“ತೇರ್ಗಡೆ ಅಂದ್ರೆ...” ಇನೋಕಾಳಿಗೆ ನಂಬಿಕೆ ಬರಲಿಲ್ಲ. “ಈ ತಿಂಗಳ ಲೆಕ್ಕಕ್ಕಾ ಸರ್?”

“ಈ ತಿಂಗಳ ಲೆಕ್ಕಕ್ಕೇ. ತಿದ್ದುಪಡಿ ಇದ್ರೂ ಪಾಸು ಪಾಸೇ. ಪತ್ರ ನಾಳೆ ಬರುತ್ತೆ. ನನ್ನ ಕಾಲದಲ್ಲಿ ಗಲಾಟೆ ಬೇಡ ಮಗಳೇ.” ಡೀನರು ದನಿ ಇಳಿಸಿದರು. “ಟ್ಯೂಡರ್ ಕೂಡ ಒಪ್ಪಿದ್ರು. ಅನುವಾದದ ಮೇಲೆ ಅವರಿಗೆ ಮೊದಲಿಂದಲೂ ಅನುಮಾನ ಇತ್ತಂತೆ.”

ಟ್ಯೂಡರ್ ಸರ್ ಗಂಭೀರವಾಗಿ ತಲೆದೂಗಿದರು. “ನಾನು ಯಾವಾಗಿನಿಂದಲೂ ಹೇಳ್ತಾನೇ ಇದ್ದೆ” ಎಂದರು. ಏನನ್ನು ಎಂದು ಯಾರೂ ಕೇಳಲಿಲ್ಲ.

ತಿಲಗವತಿ ಕೈಚೀಲ ಹೆಗಲಿಗೇರಿಸಿ ಹೊರಡುವಾಗ ಇನೋಕಾಳ ಬಳಿ ನಿಂತರು. “ಆ ಮೂಗಿನಲ್ಲಿ ಮಾತಾಡೋ ಅಧಿಕಾರಿ ಇದ್ದಾನಲ್ಲ, ಅವನ ಪಕ್ಕ ಕೂತು ಕೇಳು. ಉಳಿದವರು ಪರವಾಗಿಲ್ಲ. ಅವನದು ಸುಮ್ನೆ ಅಲ್ಲ, ನೋಡ್ತಿರು.” ಅಷ್ಟು ಹೇಳಿ ಒಂದು ಮಿಲ್ಕ್ ಟಾಫಿ ಚೀಲಕ್ಕೆ ಹಾಕಿಕೊಂಡು ಹೋದರು.

ಪತ್ರ ಬಂತು. ಕೆಲಸ ಖಾಯಂ ಆಯಿತು. ಇನೋಕಾ ತಿಂಗಳುಗಟ್ಟಲೆ ಸಂಜೆ ಹೊತ್ತು ಬಸ್ಸು ಹತ್ತಿ ಹಳ್ಳಿಗೆ ಹೋಗಿ ಕಟ್ಟೆಯ ಮೇಲೆ ಕೂತು, ಸೀರೆಯ ಹಿಂಭಾಗಕ್ಕೆಲ್ಲ ಪಾಚಿ ಹಚ್ಚಿಕೊಂಡು ಬಂದಳು. ಹೊಸ ಅಧ್ಯಾಯ ಬರೆದಳು, ಸಹಿಯಾಯಿತು. ಈ ನಡುವೆ ಟ್ಯೂಡರ್ ಸರ್ ಪುಸ್ತಕವನ್ನು ಅಚ್ಚಿನಿಂದ ಹಿಂದಕ್ಕೆ ತರಿಸಿ, ನಾಲ್ಕು ಕಂಬ ಕಿತ್ತು, ‘ಅನುವಾದವೆಂಬ ಹಿಂಸೆ’ ಎಂದು ಹೊಸ ಹೆಸರಿಟ್ಟರು. ಚೌಕಟ್ಟುಗಳ ಮೋಹ ಸಂಶೋಧಕರನ್ನು ಹೇಗೆ ಹಾಳು ಮಾಡುತ್ತದೆ ಎಂಬುದರ ಮೇಲೆ ಮುನ್ನುಡಿ ಬರೆದರು. ಕಣ್ಣು ಪಿಳುಕಿಸದೆ.

ಒಂದು ದಿನ ಅವರೇ ಇನೋಕಾಳ ಕೋಣೆಗೆ ಬಂದರು. ಪ್ರೊಫೆಸರು ಲೆಕ್ಚರರ ಕೋಣೆಗೆ ಬರುವುದು ಹುಣ್ಣಿಮೆಗೊಮ್ಮೆಯೂ ಅಲ್ಲ.

“ಕೊಲಂಬೊದಲ್ಲಿ ಮತ್ತೆ ಸಮ್ಮೇಳನ ಮಗಳೇ. ಮುಖ್ಯ ಭಾಷಣ ನಂದೇ. ಈ ಸಲ ಮಾಲ್ಡೀವ್ಸಿನಿಂದ ಇಬ್ಬರು.” ಅವರು ಕುರ್ಚಿ ಎಳೆದುಕೊಂಡರು. “ಥಿಯರಿ ನಾನು ಹೇಳ್ತೀನಿ. ನಡುನಡುವೆ ನಾನು ಕೈ ಎತ್ತಿದಾಗ ನೀನು ಎದ್ದು ಒಂದೊಂದು ದನಿಯಲ್ಲಿ ಸುಮ್ನೆ ಅನ್ಬೇಕು. ಮುದುಕ, ಹೆಂಗಸು, ಹುಡುಗರು, ಎಲ್ಲಾ. ಜನ ಹುಚ್ಚೆದ್ದು ಹೋಗ್ತಾರೆ. ವೇದಿಕೆ ಮೇಲೇ ಕುರ್ಚಿ ಹಾಕಿಸ್ತೀನಿ, ಸ್ವಲ್ಪ ಹಿಂದೆ.”

ಇನೋಕಾ ಅವರ ಕೋಟನ್ನು ನೋಡಿದಳು. ಎಂಟು ವರ್ಷ ಈ ಮನುಷ್ಯ ಏನು ಹೇಳಿದರೂ ‘ಆಗ್ಲಿ ಸರ್’ ಅಂದಿದ್ದಳು. ಮನೆಯ ನಾಯಿಗೆ ಅನ್ನ ಹಾಕೆಂದಾಗ, ಪ್ರಬಂಧದಲ್ಲಿ ಬೋಗಹವತ್ತದ ಫ್ಯಾಕ್ಟರಿ ಮುಚ್ಚಿಸೆಂದಾಗ. ‘ಆಗ್ಲಿ ಸರ್’ ನಾಲಿಗೆಯ ಮೇಲೆ ತಾನಾಗಿಯೇ ಬಂದು ಕೂತಿತ್ತು. ಅದನ್ನು ನುಂಗಿದಳು.

“ಆಗಲ್ಲ ಸರ್.”

ಟ್ಯೂಡರ್ ಸರ್‌ಗೆ ಮಾತು ಕೇಳಿಸಿತು, ಅರ್ಥವಾಗಲಿಲ್ಲ. “ಏನಂದೆ?”

“ನಂಗೆ ಅವತ್ತು ಕ್ಲಾಸಿದೆ.”

“ಅವತ್ತು ಹುಣ್ಣಿಮೆ, ಪೋಯ ದಿನ ಮಗಳೇ. ಇಡೀ ದೇಶಕ್ಕೇ ರಜೆ. ಯಾವ ಕ್ಲಾಸು?”

“ಇದೆ ಸರ್” ಎಂದಳು ಇನೋಕಾ, ಮುಖದ ಒಂದು ಗೆರೆಯೂ ಅಲುಗದಂತೆ. ಮುಂದಿದ್ದ ಉತ್ತರ ಪತ್ರಿಕೆಗಳ ಕಟ್ಟನ್ನು ಬಿಚ್ಚಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು, ಮೊದಲನೆಯದಕ್ಕೆ ಅಂಕ ಹಾಕತೊಡಗಿದಳು. ಟ್ಯೂಡರ್ ಸರ್ ಕೋಟಿನ ಗುಂಡಿಯೊಂದನ್ನು ತೆಗೆದು ಮತ್ತೆ ಹಾಕಿದರು. ಆಮೇಲೆ ತಾವೇ ಎದ್ದು, ಕುರ್ಚಿಯನ್ನು ಇದ್ದಲ್ಲಿಗೆ ಸರಿಸಿ, ಬಾಗಿಲು ಸದ್ದಾಗದಂತೆ ಹಾಕಿಕೊಂಡು ಹೋದರು.